ಚೆಕ್‌ರೋಲಿನಲ್ಲಿ ಇಲ್ಲದ ಪಾರ್ವತಿ

...ಅಥವಾ ಆ ದಿನ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂದಿರಲೇ ಇಲ್ಲವೇನೋ. ಬಂದಿತ್ತು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೇನೆ. ಕಣದಲ್ಲಿ ರೊಬಸ್ಟಾ ಹರವಿತ್ತು, ಹನಿ ಬಿದ್ದ ಕೂಡಲೇ ಹೆಂಗಸರೆಲ್ಲ ಕಾಫಿ ಬಳಿದು ಗುಡ್ಡೆ ಮಾಡಿ ಟಾರ್ಪಾಲು ಎಳೆಯಲು ಓಡಿದರು. ಆ ಗಡಿಬಿಡಿಯಲ್ಲೇ ನಾನು ಪಾಪಮ್ಮಕ್ಕನಿಗೆ ಹೇಳಬೇಕಾದ್ದನ್ನು ಹೇಳಿದೆ. ಅವಳು ಟಾರ್ಪಾಲಿನ ತುದಿ ಬಿಡದೆ, ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟಳು. ನನ್ನ ಹತ್ತಿರ ಇರುವ ನೆನಪು ಇದು. ತುಂಬ ಚೆನ್ನಾಗಿದೆ. ಅಷ್ಟು ಚೆನ್ನಾಗಿದೆ ಎಂಬುದಕ್ಕೇ ಈಗ ನನಗೆ ಅದರ ಮೇಲೆ ಅನುಮಾನ.

ಹೋದ ಮಾರ್ಚ್ ತಿಂಗಳಲ್ಲಿ ಅಕ್ಕನ ಮಗಳ ಮದುವೆಯ ಮಾತಿಗೆಂದು ಹಾನುಬಾಳಿಗೆ ಹೋಗಿದ್ದೆ. ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ ಕಾಫಿ ಹೂವಿನ ವಾಸನೆ ಬಡಿಯಿತು. ಮಲ್ಲಿಗೆಯ ಹಾಗೆ ಅನ್ನುತ್ತಾರೆ. ನನಗೆ ಮಾತ್ರ ಅದರ ಜೊತೆಗೆ ಸ್ಟಾಂಪ್ ಪ್ಯಾಡಿನ ಮಸಿಯ ವಾಸನೆಯೂ ಬರುತ್ತದೆ. ಬೀಗರ ಮನೆಯಲ್ಲಿ ಕಾಫಿ ಕುಡಿದು, ಮಾತು ಮುಗಿಯುವ ಮೊದಲೇ ಎದ್ದು, ಜೀಪೊಂದನ್ನು ಹಿಡಿದು, ಹದಿನೈದು ವರ್ಷದಿಂದ ಹೋಗದಿದ್ದ ಆ ಎಸ್ಟೇಟಿಗೆ ಹೋದೆ. ಹೋಗಬಾರದಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ.

ನನ್ನ ಊರು ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ. ಭತ್ತ, ರಾಗಿ, ಬದುವಿನ ಮೇಲೆ ನಾಲ್ಕು ಕಾಫಿ ಗಿಡ. ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ವರ್ಷ ಒಂದು ಕೊಯ್ಲಿನ ಮಟ್ಟಿಗೆ ಅಂತ ಆ ಎಸ್ಟೇಟಿನಲ್ಲಿ ಚಿಕ್ಕ ರೈಟರ್ ಆಗಿ ಸೇರಿದ್ದೆ. ಲಂಕೆಯಲ್ಲಿ ಯುದ್ಧ ಮುಗಿದ ವರ್ಷ ಅದು. ನನಗೆ ಅದು ಪೇಪರಿನ ಒಳಪುಟದ ಸುದ್ದಿ. ಬೆಳಗಿನ ಮಂಜಿನಲ್ಲಿ ಸ್ಟೋರಿನ ಮುಂದೆ ನಿಂತು ಹೆಸರು ಕೂಗುವುದು ನನ್ನ ಕೆಲಸ. ಸೊಂಟಕ್ಕೆ ಗೋಣಿತಾಟು ಸುತ್ತಿಕೊಂಡ ಹೆಂಗಸರು ‘ಊಂ’ ಅನ್ನುತ್ತಿದ್ದರು, ನಾನು ಚೆಕ್‌ರೋಲ್ ಅನ್ನುವ ಉದ್ದನೆಯ ಹಾಜರಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ. ಶನಿವಾರ ಪ್ರತಿಯೊಬ್ಬರೂ ಅವರವರ ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟು ಒತ್ತಬೇಕು. ಪ್ಯಾಡು ಹಿಡಿದು ಕೂರುವವನೂ ನಾನೇ.

ಮೊದಲ ವಾರವೇ ನನಗೆ ಒಂದು ವಿಚಿತ್ರ ಕಂಡಿತು. ಕೂಗಿದ ಹೆಸರಿಗೂ ಬಂದು ನಿಲ್ಲುವವರಿಗೂ ಹೊಂದುತ್ತಿರಲಿಲ್ಲ. ರಂಗಯ್ಯ ಎಂದರೆ ಬಂದವನನ್ನು ಅವನ ಹೆಂಡತಿ ಬೇರೆ ಏನೋ ಹೆಸರು ಹಿಡಿದು ಬೈಯುತ್ತಿದ್ದಳು. ನಾನು ತಬ್ಬಿಬ್ಬಾಗಿ ನಿಂತದ್ದನ್ನು ನೋಡಿ ಕೂಲಿಯವರ ಸಾಲುಮನೆಯ, ಅಂದರೆ ಲೈನಿನ, ಕಾಳಮ್ಮ ಎಲ್ಲರೆದುರು ಕೇಳಿದಳು.

“ಏನ್ ರೈಟ್ರೇ, ನಾಳೆ ತಾಳಿ ಕಟ್ಟಾಗ್ಲೂ ರೋಲ್ ನೋಡೇ ಹೆಣ್ಣಿನ ಹೆಸ್ರು ಕೂಗ್ತೀರಾ?”

ಎಲ್ಲರೂ ನಕ್ಕರು. ಗುಂಪಿನ ಕೊನೆಯಲ್ಲಿ ನಿಂತಿದ್ದ, ಐವತ್ತು ದಾಟಿದ, ಕೂದಲು ಇನ್ನೂ ಕಪ್ಪಗಿದ್ದ ಒಬ್ಬಳು ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ರೋಲಿನಲ್ಲಿ ಅವಳು ಪಾಪಮ್ಮ.

ಇದರ ಹಿಂದಿನ ಪದ್ಧತಿ ನನಗೆ ತಿಳಿದದ್ದು ಆಮೇಲೆ. ಹಳೆಯ ಧಣಿಗಳ ಕಾಲದಲ್ಲಿ ವರ್ಷದ ಮೊದಲಿಗೆ ರೋಲ್ ಬರೆದರೆ ಮುಗಿಯಿತು, ನಡುವೆ ತಿದ್ದುವ ಹಾಗಿಲ್ಲ. ಯಾರಾದರೂ ಸತ್ತರೆ, ಓಡಿಹೋದರೆ, ಮೇಸ್ತ್ರಿ ಹೊಸಬರನ್ನು ತಂದು ಅದೇ ಸಾಲಿಗೆ ನಿಲ್ಲಿಸುತ್ತಿದ್ದ. ಸಾಲಿನ ಜೊತೆ ಹೆಸರೂ ಬರುತ್ತಿತ್ತು. ಬರುವ ವರ್ಷ ಸರಿ ಮಾಡೋಣ ಅನ್ನುತ್ತಿದ್ದರು. ಬರುವ ವರ್ಷ ಹಳೆಯ ರೋಲ್ ನೋಡಿಕೊಂಡೇ ಹೊಸ ರೋಲ್ ಬರೆಯುತ್ತಿದ್ದರು. ಹಾಗೆ ಆ ಹೆಸರು ರೇಷನ್ ಕಾರ್ಡಿಗೂ ಹೋಯಿತು, ವೋಟಿನ ಕಾರ್ಡಿಗೂ ಹೋಯಿತು. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಯಾರಿಗೂ ಇದು ದೊಡ್ಡ ವಿಷಯ ಅನಿಸಲೂ ಇಲ್ಲ.

ಆ ಫಾರಂ ಬಂದದ್ದು ನವೆಂಬರಿನಲ್ಲಿ ಇರಬೇಕು. ಅರೇಬಿಕಾ ಕೊಯ್ಲು ಶುರುವಾಗಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ತಿರುಗುತ್ತಿತ್ತು, ಸಿಪ್ಪೆ ಕೊಳೆತ ಹುಳಿ ವಾಸನೆ ಆಫೀಸಿನವರೆಗೂ ಬರುತ್ತಿತ್ತು. ಯುದ್ಧದಲ್ಲಿ ಚದುರಿಹೋದವರನ್ನು ಹುಡುಕಿಕೊಡುವ ಒಂದು ಸಂಸ್ಥೆಯ ಮದರಾಸಿನ ಕಚೇರಿಯಿಂದ ಬಂದಿತ್ತು. ಈ ಕಡೆಯ ಎಷ್ಟೋ ಎಸ್ಟೇಟುಗಳಿಗೆ ಅದನ್ನೇ ಕಳಿಸಿದ್ದರಂತೆ. ಲಂಕೆಯ ನಿರಾಶ್ರಿತರ ಶಿಬಿರವೊಂದರಿಂದ ಸೆಲ್ವಿ ಎಂಬ ಹೆಂಗಸು ತಾಯಿಯನ್ನು ಹುಡುಕುತ್ತಿದ್ದಾಳೆ. ತಾಯಿಯ ಹೆಸರು ಪಾರ್ವತಿ, ತಂದೆ ಮುತ್ತಯ್ಯ. ಬಹಳ ಹಿಂದೆ ಭಾರತಕ್ಕೆ ಬಂದವರು. ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಹೋದರು ಎಂದು ಕೇಳಿದ್ದು. ಕೆಳಗೆ ಇನ್ನೂ ಎರಡು ಮೂರು ಸಾಲು ಇತ್ತು.

ನಾನು ಆ ಸಾಲುಗಳನ್ನು ಓದದೆ ರೋಲ್ ತೆಗೆದೆ. ಹೆಸರಿನ ಪಟ್ಟಿಯ ಮೇಲೆ ಬೆರಳು ಆಡಿಸುತ್ತಾ ಹೋದೆ. ಪಾರ್ವತಿ ಇರಲಿಲ್ಲ. ಪೂರ್ತಿ ಎರಡು ಸಲ ನೋಡಿದೆ. ಎರಡು ಸಲ ನೋಡಿದ್ದಕ್ಕೆ ಒಂದಿಷ್ಟು ಹೆಮ್ಮೆಯೂ ಇತ್ತು. ಫಾರಮಿನ ಕೆಳಗೆ ಇಂಗ್ಲಿಷಿನಲ್ಲಿ, ಅಕ್ಷರ ಚೆನ್ನಾಗಿ ಬರಲಿ ಎಂದು ನಿಧಾನವಾಗಿ, ‘ಇಲ್ಲಿ ಈ ಹೆಸರಿನವರು ಯಾರೂ ಇಲ್ಲ’ ಎಂದು ಬರೆದು, ಎಸ್ಟೇಟಿನ ಸೀಲು ಒತ್ತಿ, ಅವತ್ತಿನ ಟಪಾಲಿಗೇ ಹಾಕಿಸಿದೆ. ಅದು ಬಂದಿದ್ದ ಕವರು ಬಚ್ಚಲ ಒಲೆಗೆ ಹೋಯಿತು.

ಆಮೇಲೆ ಮರೆತೆ. ಇದು ಮಾತ್ರ ಖಚಿತ. ಮರೆತದ್ದು ಹೇಗೆ ಖಚಿತ ಎಂದು ಕೇಳಬೇಡಿ.

ಸಂಕ್ರಾಂತಿ ಕಳೆದು ರೊಬಸ್ಟಾ ಕೊಯ್ಲು ನಡೆಯುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ ಕಾಳಮ್ಮ ನನ್ನನ್ನು ಲೈನಿಗೆ ಕರೆದಳು. ಪಾಪಮ್ಮಕ್ಕನಿಗೆ ಅವಳ ಮಗಳ ಹೆಸರಿಗೆ ಒಂದು ಕಾಗದ ಬರೆದುಕೊಡಬೇಕಂತೆ. ನಾನು ಜಗಲಿಯ ಮೇಲೆ ಕೂತೆ. ಪಾಪಮ್ಮಕ್ಕ ಒಳಗಿನಿಂದ ಬೆಲ್ಲದ ಕಾಫಿ ತಂದು ಮುಂದಿಟ್ಟು, ಕಂಬಕ್ಕೆ ಒರಗಿ ಕೂತಳು. ನಾನು ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಯಾರು ಬರೆಯುತ್ತಿರುವುದು ಅಂತ ಹಾಕಲಿ, ಪಾಪಮ್ಮ ಅಂತಲೇ ಹಾಕಲಾ, ಎಂದು ಕೇಳಿದೆ.

“ಅದು ಇಲ್ಲೀ ಹೆಸ್ರು ಸಾಮಿ,” ಅಂದಳು. “ಆ ಹೆಸ್ರು ಬರುದ್ರೆ ಅವಳ್ಗೆ ಗೊತ್ತಾಗಕಿಲ್ಲ. ಮುತ್ತಯ್ಯನ ಹೆಂಡ್ತಿ ಪಾರ್ವತಿ ಅಂತ ಬರೀರಿ.”

ಆಗ ನನ್ನ ಕೈ ನಡುಗಿತು, ಪೆನ್ನು ಬಿತ್ತು ಎಂದು ಬರೆಯಬಹುದು. ಏನೂ ಆಗಲಿಲ್ಲ ಅಂತ ಕಾಣುತ್ತದೆ. ನಾನು ‘ಪಾರ್ವತಿ’ ಎಂದು ಬರೆದೆ. ಬರೆದದ್ದನ್ನು ನೋಡಿದೆ. ಕಾಫಿ ಲೋಟ ಹಿಡಿದಿದ್ದ ಅವಳ ಎಡಗೈ ನೋಡಿದೆ. ಹೆಬ್ಬೆರಳಿನ ತುದಿ ಇರಲಿಲ್ಲ. ಹುಡುಗಿಯಾಗಿದ್ದಾಗ ಟೀ ಗಿಡ ಕತ್ತರಿಸುವ ಕತ್ತಿ ತಗುಲಿ ಹೋದದ್ದಂತೆ. ಪ್ರತಿ ಶನಿವಾರ ನಾನೇ ಆ ಬೆರಳನ್ನು ಹಿಡಿದು ಮಸಿಗೆ ಒತ್ತಿ ಪುಸ್ತಕದ ಮೇಲೆ ಇಟ್ಟಿದ್ದೆ. ಪಾಪಮ್ಮ ಎಂಬ ಹೆಸರಿನ ಮುಂದೆ ವಾರಕ್ಕೊಂದರಂತೆ ಅರ್ಧ ಹೆಬ್ಬೆಟ್ಟುಗಳ ಸಾಲೇ ಇತ್ತು. ನವೆಂಬರಿನಲ್ಲಿ ಹೆಸರು ಹುಡುಕುತ್ತ ನನ್ನ ಬೆರಳು ಇಳಿದುಹೋದ ಪುಟ ಅದೇ.

ಅವಳು ಹೇಳಿದಳು, ನಾನು ಬರೆದುಕೊಂಡೆ. ಅವಳ ಮನೆಯವರು ತಮಿಳರು, ಅಜ್ಜನ ಕಾಲದಲ್ಲೇ ಲಂಕೆಯ ಟೀ ತೋಟಕ್ಕೆ ಹೋದವರು. ಎರಡು ಸಲ ಗಲಾಟೆಯಾಗಿ ಅವರ ಲೈನಿಗೆ ಬೆಂಕಿ ಬಿತ್ತು. ಭಾರತಕ್ಕೆ ಹೋಗಿ ಎಂದು ಸರ್ಕಾರದವರು ಪೇಪರು ಕೊಟ್ಟರು. ಗಂಟುಮೂಟೆ ಕಟ್ಟಿದ ವಾರವೇ ನಾಲ್ಕು ವರ್ಷದ ಮಗಳಿಗೆ ದಡಾರ ಎದ್ದಿತು. ಹಡಗು ಹತ್ತುವ ಕಡೆ ಡಾಕ್ಟರು ಮಗುವಿನ ಮೈ ನೋಡಿದರೆ ಎಲ್ಲರನ್ನೂ ವಾಪಸು ಕಳಿಸುತ್ತಾರೆ ಎಂದು ಜೊತೆಯವರು ಹೆದರಿಸಿದರು. ಮಗುವನ್ನು ಅಜ್ಜಿಯ ಹತ್ತಿರ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಗಂಡ ಹೆಂಡತಿ ಹೊರಟರು.

“ಮುಂದಿನ ಹಡಗ್ಗೆ ಅಜ್ಜಿ ಜೊತೆ ಬಾ ಅಂದೆ. ಊಂ ಅಂದ್ಲು. ಮುಂದಿನ ಹಡಗೇ ಬರ್ನಿಲ್ಲ.”

ಯುದ್ಧ ಶುರುವಾಗಿ ಹಡಗು ನಿಂತಿತು. ಈ ಕಡೆ ಬಂದ ಮೇಲೆ ಮುತ್ತಯ್ಯ ಬೇರೊಂದು ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡ. ಮೇಸ್ತ್ರಿಯೊಬ್ಬ ಅವಳನ್ನು ಇಲ್ಲಿಗೆ ತಂದು ಬಿಟ್ಟ. ಅಜ್ಜಿ ಮೊಮ್ಮಗಳನ್ನು ಕಟ್ಟಿಕೊಂಡು, ಅಲ್ಲಿ ನಮ್ಮವರೇ ಇದ್ದಾರೆ, ಭಯವಿಲ್ಲ ಎಂದು ಉತ್ತರದ ಕಡೆ ಹೋದಳು ಎಂಬುದು ಅವಳು ಕೇಳಿದ ಕೊನೆಯ ಸುದ್ದಿ. ಯುದ್ಧ ಹೋಗಿ ನಿಂತದ್ದು ಅಲ್ಲಿಯೇ.

ಕಾಗದದಲ್ಲಿ ಏನು ಕೇಳಬೇಕು ಎಂದೆ. ಅವಳು ಕಂಬ ಬಿಟ್ಟು ಮುಂದೆ ಸರಿದು ಕೂತಳು.

“ದಡಾರದ ಕಲೆ ಹೋಯ್ತಾ ಅಂತ ಕೇಳಿ.”

ಪಕ್ಕದಲ್ಲಿ ಹೇನು ತೆಗೆಯುತ್ತ ಕೂತಿದ್ದ ಕಾಳಮ್ಮ, ಅವಳಿಗೆ ಈಗ ಮೂವತ್ತಾಗಿರ್ತದೆ ಕಣೇ, ಮದುವೆ ಮಕ್ಕಳು ಅಂತ ಕೇಳೋದು ಬಿಟ್ಟು, ಎಂದು ಗದರಿದಳು. ಪಾಪಮ್ಮಕ್ಕ ಹೌದಲ್ಲವೇ ಎಂದು ನಾಚಿಕೊಂಡಳು. ಅದನ್ನೂ ಸೇರಿಸಿ ಎಂದಳು.

ನವೆಂಬರಿನ ಫಾರಮಿನ ಮಾತು ಆಗಲೇ ನನ್ನ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ವಿಳಾಸ ನಾನು ನೋಡಿಕೊಳ್ಳುತ್ತೇನೆ ಎಂದು ಎದ್ದೆ. ಕಾಫಿ ಕುಡಿಯದೆ ಬಂದೆನೋ, ಕುಡಿದೆನೋ.

ದೊಡ್ಡ ರೈಟರ್ ಶಿವಣ್ಣನವರು ಮೂವತ್ತು ವರ್ಷದಿಂದ ಆ ಎಸ್ಟೇಟಿನಲ್ಲಿದ್ದವರು. ಬೇಸಿಗೆಯಲ್ಲೂ ಸ್ವೆಟರ್ ಹಾಕುವ, ಯಾರಿಗೂ ದನಿ ಎತ್ತದ ಮನುಷ್ಯ. ನಾನು ಎಲ್ಲ ಹೇಳಿದ ಮೇಲೆ ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದರು.

“ಪಾಪಮ್ಮ ಅನ್ನೋಳು ಒಬ್ಳು ಓಡೋಗ್ಬುಟ್ಟಿದ್ಲು. ಅದೇ ವಾರ ಇವಳು ಬಂದ್ಲು. ಸಾಲು ಖಾಲಿ ಐತಲ್ಲ, ಹಾಕ್ದೆ. ನಾನೇ ಕಣೋ ಹಾಕಿದ್ದು. ನಿನ್ನ ಹೆಸ್ರೇನು ಅಂತ್ಲೂ ಕೇಳ್ಲಿಲ್ಲ ಮಾರಾಯ.”

ಅವರು ಒಂದು ಕಾಗದ ತೆಗೆದು ತಮ್ಮ ಕೈಯಾರೆ ಬರೆದರು: ಈ ಎಸ್ಟೇಟಿನ ಪಾಪಮ್ಮ ಎಂಬವಳೇ ಪಾರ್ವತಿ, ಎಡ ಹೆಬ್ಬೆರಳಿನ ತುದಿ ಇಲ್ಲದವಳು, ಹೆಸರು ಬದಲಿಸಿದವನು ನಾನು. ಧಣಿಗಳಿಗೆ ಗೊತ್ತಾದರೆ ಅವರ ಕೆಲಸ ಹೋಗಬಹುದಿತ್ತು. ಸಹಿ ಮಾಡಿ ಸೀಲು ಒತ್ತಿದರು. ಮರುದಿನ ಇಬ್ಬರೂ ಸಕಲೇಶಪುರಕ್ಕೆ ಹೋಗಿ, ಕವರಿನ ಮೇಲೆ ಇದ್ದ ವಿಳಾಸವನ್ನು ನೆನಪಿನಿಂದ ಬರೆದು, ಪೋಸ್ಟ್ ಆಫೀಸಿನವರನ್ನು ಕೇಳಿ ತಿದ್ದಿ, ಪಾಪಮ್ಮಕ್ಕನ ಕಾಗದವನ್ನೂ ಒಳಗಿಟ್ಟು ರಿಜಿಸ್ಟರ್ ಮಾಡಿದೆವು. ದಾರಿಯಲ್ಲಿ ಶಿವಣ್ಣ ಒಂದೇ ಮಾತು ಹೇಳಿದ್ದು. ನವೆಂಬರಿನ ವಿಷಯ ಅವಳಿಗೆ ಈಗಲೇ ಹೇಳುವುದು ಬೇಡ, ಮಗಳು ಸಿಕ್ಕಿದ ಮೇಲೆ ನಗುತ್ತಾ ಹೇಳೋಣ.

ಆಮೇಲಿನ ಏಳೆಂಟು ವಾರಗಳಲ್ಲಿ ಅವಳು ನನ್ನನ್ನು ಒಮ್ಮೆಯೂ ಕಾಗದ ಬಂತೇ ಎಂದು ಕೇಳಲಿಲ್ಲ. ಬೆಳಗ್ಗೆ ನಾನು ‘ಪಾಪಮ್ಮ’ ಎಂದು ಕೂಗಿದಾಗ ‘ಊಂ’ ಅನ್ನುವ ಮುಂಚೆ ನನ್ನ ಮುಖ ನೋಡುತ್ತಿದ್ದಳು. ಒಂದು ಬೆಳಗ್ಗೆ ನಾನು ತಡೆಯಲಾರದೆ ‘ಪಾರ್ವತಿ’ ಎಂದು ಕೂಗಿದೆ. ಯಾರೂ ‘ಊಂ’ ಅನ್ನಲಿಲ್ಲ. ಹೆಂಗಸರು ಸುತ್ತ ನೋಡಿದರು, ಹೊಸಬರು ಯಾರಪ್ಪಾ ಎಂದು. ಅವಳೂ ಸುತ್ತ ನೋಡಿದಳು.

ಉತ್ತರ ಬಂದದ್ದು ಮಾರ್ಚಿನಲ್ಲಿ. ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಈ ಬರಹದಲ್ಲಿ ನಾನು ನಂಬುವ ವಸ್ತು ಅದೊಂದೇ. ವಿನಯವಾದ ಇಂಗ್ಲಿಷಿನಲ್ಲಿ ಹೀಗಿದೆ: ತಾಯಿಯ ಎಡ ಹೆಬ್ಬೆರಳಿನ ಗುರುತು ಅರ್ಜಿದಾರಳು ಕೊಟ್ಟ ವಿವರಕ್ಕೆ ಹೊಂದುತ್ತದೆ. ಆದರೆ ವಿಷಾದದಿಂದ ತಿಳಿಸುವುದೇನೆಂದರೆ, ಪಟ್ಟಿಯಲ್ಲಿದ್ದ ಯಾವ ಎಸ್ಟೇಟಿನಲ್ಲೂ ಆಕೆಯ ತಾಯಿ ಪತ್ತೆಯಾಗಿಲ್ಲ ಎಂದು ಅರ್ಜಿದಾರಳಿಗೆ ಈ ಮೊದಲೇ ತಿಳಿಸಲಾಗಿತ್ತು. ಅದಾದ ಸ್ವಲ್ಪ ದಿನಕ್ಕೆ ಆಕೆ ಶಿಬಿರ ಬಿಟ್ಟು ಹೋಗಿದ್ದಾರೆ. ಹೋಗುವಾಗ ವಿಳಾಸ ಕೊಟ್ಟಿಲ್ಲ. ಆಕೆ ಮತ್ತೆ ಸಂಪರ್ಕಿಸಿದರೆ ನಿಮಗೆ ತಿಳಿಸುತ್ತೇವೆ. ಜೊತೆಗೆ ಪಾಪಮ್ಮಕ್ಕನ ಕಾಗದ, ಮಡಿಕೆ ಬಿಚ್ಚದೆ ವಾಪಸು.

ಅಂದರೆ ಆ ಬೆರಳಿನ ಗುರುತು ಫಾರಮಿನ ಕೆಳಗೆ ನಾನು ಓದದ ಸಾಲುಗಳಲ್ಲೇ ಇತ್ತು, ನಾನು ನಿಧಾನವಾಗಿ ಬರೆದ ಸಾಲು ಮಾತ್ರ ಸಮುದ್ರ ದಾಟಿ ಹೋಗಿತ್ತು. ಎಲ್ಲ ಎಸ್ಟೇಟುಗಳೂ ಇಲ್ಲ ಎಂದು ಬರೆದಿರುತ್ತವೆ, ನನ್ನದು ಅವುಗಳಲ್ಲಿ ಒಂದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಉಳಿದವರು ಬರೆದದ್ದು ನಿಜವಾಗಿತ್ತು.

ಶಿವಣ್ಣ ಕಾಗದವನ್ನು ಓದಿಸಿಕೊಂಡು, ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು. ತಮ್ಮ ಕೈಲಾಗುವುದಿಲ್ಲ, ನೀನೇ ಅವಳಿಗೆ ಹೇಳು ಎಂದರು. ನಾನು ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಎಷ್ಟು ದಿನ? ಎರಡು, ಅಥವಾ ಹತ್ತು.

ಇಲ್ಲಿಗೆ ಆ ಹೂಮಳೆ ಬರುತ್ತದೆ. ಟಾರ್ಪಾಲು, ಗಡಿಬಿಡಿ, ಮಳೆ ಬಂತೆಂದು ಧಣಿಗಳ ಮನೆಯಲ್ಲಿ ಎಲ್ಲರಿಗೂ ಹಂಚಿದ ಬೆಲ್ಲ. ಅದರ ನಡುವೆ ನಾನು ಹೇಳುತ್ತಿದ್ದೇನೆ, ಅವಳು ಕೇಳುತ್ತಿದ್ದಾಳೆ, ತಲೆಯ ಮೇಲೆ ಆ ಮೊಂಡು ಹೆಬ್ಬೆರಳಿನ ಕೈ. ಸುತ್ತ ಹೂವಿನ ವಾಸನೆ. ಕಾಫಿ ಬೆಳೆಯುವ ಯಾರನ್ನಾದರೂ ಕೇಳಿ ನೋಡಿ. ಹೂಮಳೆ ಬಿದ್ದ ದಿನ ಹೂವಿನ ವಾಸನೆ ಇರುವುದಿಲ್ಲ. ಮೊಗ್ಗು ಅರಳುವುದು ವಾರ ಕಳೆದ ಮೇಲೆ. ಪಾಳ್ಯದಲ್ಲಿ ಹುಟ್ಟಿದ ನನಗೆ ಇದು ಗೊತ್ತು. ಆದರೂ ಇಷ್ಟು ವರ್ಷ ಆ ಎರಡು ದಿನಗಳನ್ನು ಹೊಲಿದು ಒಂದು ಮಾಡಿಕೊಂಡಿದ್ದೆ, ಹೊಲಿಗೆ ಕಾಣಿಸಿರಲಿಲ್ಲ. ಹೋದ ಮಾರ್ಚಿನಲ್ಲಿ ಹಾನುಬಾಳಿನಲ್ಲಿ ಬಸ್ಸಿಳಿದು ಉಸಿರೆಳೆದಾಗ, ಮಳೆ ಆಗಿ ವಾರವಾಯಿತು ಎಂದು ಯಾರೋ ಅಂದಾಗ, ಅದು ಬಿಚ್ಚಿಕೊಂಡಿತು.

ಎಸ್ಟೇಟಿನ ಲೈನಿನಲ್ಲಿ ಈಗ ಅಸ್ಸಾಮಿನವರು. ಹೊಸ ರೈಟರ್ ಮೊಬೈಲಿನಲ್ಲೇ ಹಾಜರಿ ತೆಗೆದುಕೊಳ್ಳುತ್ತಾನೆ. ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಒಬ್ಬೊಬ್ಬರನ್ನೂ ಬಾಬು ಎಂದು ಕರೆಯುತ್ತಿದ್ದ. ಶಿವಣ್ಣ ತೀರಿಕೊಂಡಿದ್ದಾರೆ. ಕಾಳಮ್ಮ ಇದ್ದಳು, ಲೈನಿನ ಕೊನೆಯ ಮನೆಯಲ್ಲಿ ಮಗನ ಜೊತೆ. ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದಳು, ತಾಳಿ ಕಟ್ಟಾಗ ಯಾವ ಹೆಸರು ಕೂಗಿದ್ರಿ ಎಂದು ನಕ್ಕಳು. ಪಾಪಮ್ಮಕ್ಕ ಹೋಗಿ ಆರು ವರ್ಷವಾಯಿತು ಎಂದಳು.

ನಾನು ಅವಳ ಪಕ್ಕ ಕೂತು ಹೂಮಳೆಯ ದಿನದ ಮಾತು ತೆಗೆದೆ. ಅವತ್ತು ಕಣದಲ್ಲಿ ನಾನು ಪಾಪಮ್ಮಕ್ಕನಿಗೆ ಎಲ್ಲ ಹೇಳಿದೆನಲ್ಲ, ನೀನೂ ಅಲ್ಲೇ ಇದ್ದೆಯಲ್ಲ ಎಂದೆ.

“ಯಾವ ಕಣ ರೈಟ್ರೇ? ಆ ವರ್ಷ ಮಳೆ ಬಿದ್ದ ದಿನ ಅವಳು ಸಕ್ಲೇಶ್ಪುರದ ಆಸ್ಪತ್ರೇಲಿ ಮಲಗಿದ್ಲು. ಗಂಜಿ ತಗೊಂಡೋಗಿದ್ದು ನಾನೇ. ನೀವೂ ಬಂದಿದ್ರಿ. ಬಾಗ್ಲಲ್ಲಿ ನಿಂತ್ರಿ, ಜೇಬು ಮುಟ್ಕೊಂಡ್ರಿ, ಹಂಗೇ ತಿರುಗಿ ಹೋಗ್ಬುಟ್ರಿ.”

ಆಸ್ಪತ್ರೆಯ ಬಾಗಿಲು ನನಗೆ ನೆನಪಿಲ್ಲ. ಒಂದಿಷ್ಟೂ ನೆನಪಿಲ್ಲ. ಆಮೇಲೆ ಏನಂದಳು ಅವಳು, ಯಾವತ್ತಾದರೂ ಏನಾದರೂ ಅಂದಳೇ, ಎಂದು ಕೇಳಿದೆ.

“ಸಾಯೋಗಂಟ ಒಂದೇ. ರೈಟ್ರು ಬರ್ದವ್ರೆ, ದೂರದ ಊರಲ್ವಾ, ಉತ್ರ ನಿಧಾನ ಬತ್ತದೆ ಅನ್ನೋಳು. ಪೋಸ್ಟ್‌ನವ್ನು ಬಂದ್ರೆ ಕೈ ಒರೆಸ್ಕಂಡು ನಿಂತ್ಕಳೋಳು.”

ಮೇ ತಿಂಗಳಲ್ಲಿ ನನಗೆ ಹಾಸನದಲ್ಲಿ ಬಿ.ಎಡ್.ಗೆ ಸೀಟು ಸಿಕ್ಕಿ ನಾನು ಎಸ್ಟೇಟು ಬಿಟ್ಟಿದ್ದೆ. ಬಿಟ್ಟ ಮೇಲೆ ಆ ಕಚೇರಿಗೆ ಎರಡು ಸಲ ಬರೆದೆ, ಸುದ್ದಿಯಿಲ್ಲ ಎಂದು ಎರಡು ಸಲವೂ ಉತ್ತರ ಬಂತು. ಈಗಿನ ವರ್ಷಗಳಲ್ಲಿ ಫೇಸ್‌ಬುಕ್ಕಿನಲ್ಲಿ ಸೆಲ್ವಿ ಎಂದು ಹುಡುಕಿದ್ದೇನೆ. ನೂರಾರು ಸೆಲ್ವಿಯರು ಬರುತ್ತಾರೆ, ಮದುವೆಯ ಸೀರೆಯಲ್ಲಿ, ಮಕ್ಕಳ ಜೊತೆ, ಹೂವಿನ ಚಿತ್ರ ಹಾಕಿಕೊಂಡು. ನಾನು ಮುಖ ದೊಡ್ಡದು ಮಾಡಿ ಕೆನ್ನೆಯ ಮೇಲೆ ದಡಾರದ ಕಲೆ ಹುಡುಕುತ್ತೇನೆ. ದಡಾರದ ಕಲೆ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ ಎಂದು ಗೊತ್ತಿದ್ದೂ.

ಏಳುವಾಗ ಕಾಳಮ್ಮನನ್ನು ಇನ್ನೊಂದು ಕೇಳಿದೆ. ಅವಳು ಹೋದ ದಿನ ಲೈನಿನವರೆಲ್ಲ ಯಾವ ಹೆಸರು ಹಿಡಿದು ಅತ್ತಿರಿ?

“ಪಾಪಮ್ಮ ಅಂತ್ಲೇ. ಇನ್ನೇನಂತ ಅಳಾನ?”

ಹೊರಡುವಾಗ ಕಾಳಮ್ಮ, ನಿಮ್ಮ ಕನ್ನಡಕ ಹಾಗೇ ಇದೆಯೋ ಎಂದು ನನ್ನ ಮುಖ ಸವರಿದಳು. ಆ ವರ್ಷ ನನಗೆ ಕನ್ನಡಕ ಇರಲಿಲ್ಲ. ಅದು ಬಂದದ್ದು ನಲವತ್ತು ಹತ್ತಿರವಾದ ಮೇಲೆ. ಹಾಗಾದರೆ ಅವಳ ಆಸ್ಪತ್ರೆಯೂ ಬೇರೆ ವರ್ಷದ್ದಿರಬಹುದು, ಬಾಗಿಲಲ್ಲಿ ನಿಂತವನು ಬೇರೆ ರೈಟರ್ ಇರಬಹುದು. ಜೀಪಿನಲ್ಲಿ ವಾಪಸು ಬರುವಾಗ ಕನ್ನಡಕದ ಆ ತಪ್ಪು ನೆನಪನ್ನೇ ಹಿಡಿದುಕೊಂಡು ಬಂದೆ. ಅದು ಬಹಳ ಭಾರ ಹೊರುವುದಿಲ್ಲ ಎಂದು ಹಾನುಬಾಳು ಬರುವಷ್ಟರಲ್ಲಿ ತಿಳಿಯಿತು. ಪೋಸ್ಟಿನವನು ಬಂದಾಗ ಕೈ ಒರೆಸಿಕೊಂಡು ನಿಲ್ಲುತ್ತಿದ್ದವಳ ಬಗ್ಗೆ ಕಾಳಮ್ಮನಿಗೆ ತಪ್ಪು ನೆನಪಿರಲು ಕಾರಣವಿಲ್ಲ.

ನಾನು ಅವಳಿಗೆ ಹೇಳಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿದ್ದರೂ ಅವಳು ಕಾಯುವುದನ್ನು ಬಿಡಲಿಲ್ಲವೋ, ಹೇಳದೆ ಇದ್ದದ್ದರಿಂದ ಕಾದಳೋ, ಗೊತ್ತಿಲ್ಲ. ಸೆಲ್ವಿ ಬದುಕಿದ್ದಾಳೆಯೇ, ಶಿಬಿರ ಬಿಟ್ಟು ಎಲ್ಲಿಗೆ ಹೋದಳು, ಗೊತ್ತಿಲ್ಲ. ಆ ಫಾರಮಿನ ಮೇಲಿನ ನನ್ನ ಸಾಲನ್ನು ಅವಳೇ ಓದಿದಳೋ, ಯಾರಾದರೂ ಓದಿ ಹೇಳಿದರೋ, ಅದೂ ನನಗೆ ಗೊತ್ತಿಲ್ಲ.